ರಿಪೋರ್ಟಿನಲ್ಲಿ ನೆಗೆಟಿವ್ ಅಂದ್ರೆ ಒಳ್ಳೇದಲ್ವಾ? ವಯಸ್ಸಾದವರ ಮೆದುಳಿನ ಕ್ಯಾನ್ಸರ್ ಮತ್ತು ಪ್ರೋಟೀನ್ ಗುರುತುಗಳು

ಪರಿಚಯದವರೊಬ್ಬರು ಒಂದು ಸಂಜೆ ಫೋನ್ ಮಾಡಿದ್ದರು. ಅವರ ತಂದೆಗೆ 72 ವರ್ಷ. ಎರಡು ವಾರದಿಂದ ಮಾತು ತಡವರಿಸುತ್ತಿತ್ತು. ಲೋಟ ಅನ್ನೋಕೆ ಹೋಗಿ ಚಪ್ಪಲಿ ಅಂತಿದ್ದರಂತೆ. ಲಕ್ವ ಹೊಡೆದಿರಬೇಕು ಅಂದುಕೊಂಡು ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ಗಡ್ಡೆ. ಬಯಾಪ್ಸಿ ಆಯಿತು, ರಿಪೋರ್ಟು ಕೈಗೆ ಬಂತು. ಅದನ್ನು ಫೋನಿನಲ್ಲೇ ಓದಿದರು: "ಜಿಎಫ್‌ಎಪಿ ಪಾಸಿಟಿವ್. ಐಡಿಎಚ್ ನೆಗೆಟಿವ್. ಕಿ-67 ಶೇಕಡಾ 30. ಎಂಜಿಎಂಟಿ ಬಾಕಿ ಇದೆ." ಸ್ವಲ್ಪ ಸುಮ್ಮನಿದ್ದು ಕೇಳಿದರು, "ಐಡಿಎಚ್ ನೆಗೆಟಿವ್ ಬಂದಿದೆ. ಒಳ್ಳೇದೇ ಅಲ್ವಾ?"

ಒಳ್ಳೇದಲ್ಲ. ಆದರೆ ಅವರ ತಪ್ಪೇನೂ ಇಲ್ಲ. ಕೊರೊನಾ ಕಾಲದಲ್ಲಿ ನಾವೆಲ್ಲ ಒಂದೇ ಪಾಠ ಕಲಿತೆವು. ನೆಗೆಟಿವ್ ಅಂದರೆ ನಿಟ್ಟುಸಿರು, ಪಾಸಿಟಿವ್ ಅಂದರೆ ಗಾಬರಿ. ಮೆದುಳಿನ ಗಡ್ಡೆಯ ರಿಪೋರ್ಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕೆಲವು ನೆಗೆಟಿವ್‌ಗಳು ಕೆಟ್ಟ ಸುದ್ದಿ, ಕೆಲವು ಪಾಸಿಟಿವ್‌ಗಳು ಒಳ್ಳೆ ಸುದ್ದಿ, ಇನ್ನು ಕೆಲವು ಎರಡೂ ಅಲ್ಲ.

ಆ ಸಾಲುಗಳಲ್ಲಿರುವ ಹೆಸರುಗಳು ಏನು, ಅವುಗಳಿಂದ ಆಯುಷ್ಯದ ಬಗ್ಗೆ ಎಷ್ಟು ಗೊತ್ತಾಗುತ್ತದೆ, ಎಷ್ಟು ಗೊತ್ತಾಗುವುದಿಲ್ಲ ಅನ್ನುವುದನ್ನು ಬುಡದಿಂದ ನೋಡೋಣ.

ಯಾವ ಗಡ್ಡೆಯ ಮಾತು ಇದು?

ಮೆದುಳಿನಲ್ಲಿ ಹತ್ತಾರು ಬಗೆಯ ಗಡ್ಡೆಗಳು ಬರುತ್ತವೆ. ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಗ್ಲಿಯೋಬ್ಲಾಸ್ಟೋಮಾ. ಶ್ವಾಸಕೋಶದಿಂದಲೋ ಸ್ತನದಿಂದಲೋ ಮೆದುಳಿಗೆ ಹರಡುವ ಕ್ಯಾನ್ಸರ್ ಬೇರೆ. ಅದರ ಮಾತು ಇಲ್ಲಿಲ್ಲ.

ನಮ್ಮ ಮೆದುಳಿನಲ್ಲಿ ಯೋಚನೆ ಮಾಡುವ ನರಕೋಶಗಳ ಜೊತೆಗೆ ಅವಕ್ಕೆ ಆಸರೆಯಾಗಿ ನಿಂತ ಕೋಶಗಳೂ ಇವೆ. ಅವನ್ನು ಗ್ಲಿಯಾ ಅನ್ನುತ್ತಾರೆ. ಗ್ಲಿಯೋಬ್ಲಾಸ್ಟೋಮಾ ಈ ಆಸರೆ ಕೋಶಗಳ ಕುಲದ ಗಡ್ಡೆ. ನಾಲ್ಕು ದರ್ಜೆಗಳಲ್ಲಿ ನಾಲ್ಕನೆಯದು, ಅಂದರೆ ಅತಿ ಉಗ್ರವಾದದ್ದು. ಇದಕ್ಕೆ ಅಂಚು ಇರುವುದಿಲ್ಲ. ಗೋಡೆಗೆ ಹಿಡಿದ ತೇವದ ಹಾಗೆ ಸುತ್ತಲಿನ ಮೆದುಳಿಗೆ ಹಬ್ಬಿರುತ್ತದೆ. ಆದ್ದರಿಂದ ಸರ್ಜನ್ ಎಷ್ಟೇ ನಾಜೂಕಾಗಿ ತೆಗೆದರೂ ಬೇರು ಸ್ವಲ್ಪ ಉಳಿದೇ ಉಳಿಯುತ್ತದೆ.

ಇದು ವಯಸ್ಸಾದವರ ಕಾಯಿಲೆಯೂ ಹೌದು. ಪತ್ತೆಯಾಗುವಾಗ ರೋಗಿಗಳ ನಡುವಯಸ್ಸು ಸುಮಾರು 65. ಅಂದರೆ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಅದನ್ನು ದಾಟಿದವರು. ಆದರೆ ಚಿಕಿತ್ಸೆಯ ಬುನಾದಿ ಹಾಕಿದ 2005ರ ದೊಡ್ಡ ಅಧ್ಯಯನದಲ್ಲಿ 70 ದಾಟಿದವರಿಗೆ ಪ್ರವೇಶವೇ ಇರಲಿಲ್ಲ. 573 ಜನರ ಆ ಪ್ರಯೋಗದಲ್ಲಿ ರೇಡಿಯೇಷನ್ ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಮಾತ್ರೆ ಕೊಟ್ಟಾಗ ಬದುಕಿನ ಮಧ್ಯಾಂಕ, ಅಂದರೆ ಅರ್ಧ ಜನ ದಾಟಿದ ಅವಧಿ, 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಇಂದಿಗೂ ಅದೇ ದಾರಿ ನಡೆಯುತ್ತಿದೆ. ಅಷ್ಟು ಚಿಕಿತ್ಸೆಯನ್ನು 75ರ ದೇಹ ತಾಳುತ್ತದೆಯೇ ಅನ್ನುವುದಕ್ಕೆ ಮಾತ್ರ ಆ ಅಧ್ಯಯನದಲ್ಲಿ ಉತ್ತರ ಇರಲಿಲ್ಲ.

ಪ್ರೋಟೀನನ್ನೇ ಯಾಕೆ ನೋಡಬೇಕು?

ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನ್ ನಮಗೆ ಗೊತ್ತು. ಕೋಶದ ಒಳಗಿನ ಪ್ರೋಟೀನ್‌ಗಳು ಆಳುಗಳಿದ್ದ ಹಾಗೆ. ಒಂದು ರಿಪೇರಿ ಮಾಡುತ್ತದೆ, ಇನ್ನೊಂದು ಸುದ್ದಿ ಒಯ್ಯುತ್ತದೆ, ಮತ್ತೊಂದು ಕೋಶವನ್ನು ಎರಡಾಗಿ ಒಡೆಯಲು ಸಜ್ಜು ಮಾಡುತ್ತದೆ. ಯಾವ ಪ್ರೋಟೀನ್ ಹೇಗೆ ತಯಾರಾಗಬೇಕು ಅನ್ನುವುದು ಡಿಎನ್‌ಎಯಲ್ಲಿರುವ ಜೀನ್‌ಗಳಲ್ಲಿ ಇರುತ್ತದೆ.

ಜೀನ್ ಅಂದರೆ ಕಣಜದಲ್ಲಿರುವ ಬೀಜ, ಪ್ರೋಟೀನ್ ಅಂದರೆ ಹೊಲದಲ್ಲಿ ನಿಂತ ಪೈರು ಅಂತಿಟ್ಟುಕೊಳ್ಳಿ. ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳ ಕಣಜದಲ್ಲೂ ಅವೇ ಬೀಜಗಳಿವೆ. ಆದರೆ ಕಣ್ಣಿನ ಕೋಶ ಬಿತ್ತುವ ಬೀಜ ಬೇರೆ, ಮೆದುಳಿನ ಕೋಶ ಬಿತ್ತುವುದು ಬೇರೆ. ಕ್ಯಾನ್ಸರ್ ಕೋಶ ಏನು ಮಾಡುತ್ತಿದೆ ಅಂತ ತಿಳಿಯಲು ಹೊಲಕ್ಕೆ ಹೋಗಿ ಪೈರು ನೋಡಬೇಕು. ಹೀಗೆ ನೋಡಿ ಕಾಯಿಲೆಯ ಬಗ್ಗೆ ಏನಾದರೂ ಹೇಳಲು ಸಹಾಯವಾಗುವ ಪ್ರೋಟೀನಿಗೆ ಮಾರ್ಕರ್ ಅನ್ನುತ್ತಾರೆ. ನಾವು ಗುರುತು ಅನ್ನೋಣ.

ಕಂದು ಬಣ್ಣದ ಚುಕ್ಕೆಗಳು

ಈ ಗುರುತುಗಳನ್ನು ನೋಡುವ ಬಗೆ ಚೆನ್ನಾಗಿದೆ. ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಸಣ್ಣ ಸೋಪಿನ ಬಿಲ್ಲೆಯಂಥ ಅಚ್ಚು ಮಾಡುತ್ತಾರೆ. ಅದಕ್ಕೆ ಬ್ಲಾಕ್ ಅಂತ ಹೆಸರು. ಆ ಬ್ಲಾಕಿನಿಂದ ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿನಷ್ಟು ತೆಳುವಾದ ಪದರ ಹೆರೆದು ಗಾಜಿನ ಸ್ಲೈಡಿಗೆ ಅಂಟಿಸುತ್ತಾರೆ.

ಆಮೇಲೆ ಅದರ ಮೇಲೆ ಒಂದು ಆಂಟಿಬಾಡಿ ಹನಿಸುತ್ತಾರೆ. ಆಂಟಿಬಾಡಿಗೆ ಒಂದೇ ಹಠ. ತನಗೆ ಬೇಕಾದ ಪ್ರೋಟೀನ್ ಸಿಕ್ಕರೆ ಅಂಟಿಕೊಳ್ಳುವುದು, ಇಲ್ಲದಿದ್ದರೆ ತೊಳೆದು ಹೋಗುವುದು. ಅದು ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತಾರೆ, ಉಳಿದದ್ದಕ್ಕೆ ನೀಲಿ. ಅರಿಶಿನಕ್ಕೆ ಸುಣ್ಣ ತಗುಲಿದ ಕಡೆ ಮಾತ್ರ ಕೆಂಪಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಕೋಶಗಳ ನಡುವೆ ಕಂದು ಚುಕ್ಕೆಗಳು. ರಿಪೋರ್ಟಿನ ಪಾಸಿಟಿವ್ ಅಂದರೆ ಕಂದು ಬಣ್ಣ ಬಂದಿದೆ ಅಂತ. ನೆಗೆಟಿವ್ ಅಂದರೆ ಬಂದಿಲ್ಲ ಅಂತ. ಒಳ್ಳೇದು ಕೆಟ್ಟದ್ದರ ಮಾತೇ ಅದರಲ್ಲಿಲ್ಲ.

ಈಗ ಫೋನಿನಲ್ಲಿ ಓದಿದ ಹೆಸರುಗಳಿಗೆ ಬರೋಣ.

ಜಿಎಫ್‌ಎಪಿ ಗ್ಲಿಯಾ ಕೋಶಗಳ ಒಳಗಿನ ಹಂದರದ ಪ್ರೋಟೀನ್. ಅದು ಪಾಸಿಟಿವ್ ಬಂದರೆ ಈ ಗಡ್ಡೆ ಗ್ಲಿಯಾ ಕುಲದ್ದು ಅಂತ ಅರ್ಥ, ಅಷ್ಟೇ. ಆಧಾರ್ ಕಾರ್ಡ್ ಇದ್ದ ಹಾಗೆ. ಯಾರು ಅಂತ ಹೇಳುತ್ತದೆ, ಸ್ವಭಾವ ಹೇಳುವುದಿಲ್ಲ.

ಐಡಿಎಚ್ ಕಥೆ ಬೇರೆ. ಇದು ಕೋಶದಲ್ಲಿ ಶಕ್ತಿ ತಯಾರಿಸುವ ಕೆಲಸದಲ್ಲಿರುವ ಪ್ರೋಟೀನ್. ಮೆದುಳಿನ ಕೆಲವು ಗಡ್ಡೆಗಳಲ್ಲಿ ಇದರ ಒಂದು ಅಕ್ಷರ ಬದಲಾಗಿರುತ್ತದೆ ಅಂತ 2008ರಲ್ಲಿ ಗೊತ್ತಾಯಿತು. ವಿಚಿತ್ರ ಅಂದರೆ ಈ ಬದಲಾವಣೆ ಇರುವವರು ಹೆಚ್ಚು ಕಾಲ ಬದುಕುತ್ತಾರೆ. ಅದು ನಿಧಾನವಾಗಿ ಬೆಳೆಯುವ, ಬೇರೆಯೇ ಜಾತಿಯ ಗಡ್ಡೆ. ರಿಪೋರ್ಟಿನ ಬಣ್ಣ ಹುಡುಕುವುದು ಈ ಬದಲಾದ ಐಡಿಎಚ್ ಅನ್ನು. ಹಾಗಾಗಿ ನೆಗೆಟಿವ್ ಅಂದರೆ ಆ ಅದೃಷ್ಟದ ಬದಲಾವಣೆ ಕಾಣಲಿಲ್ಲ ಅಂತ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಐಡಿಎಚ್ ಬದಲಾಗದ ಗಡ್ಡೆಗೆ ಮಾತ್ರ ಗ್ಲಿಯೋಬ್ಲಾಸ್ಟೋಮಾ ಅನ್ನುವ ಹೆಸರು. ವಯಸ್ಸಾದವರಲ್ಲಿ ಈ ಬದಲಾವಣೆ ತೀರಾ ಅಪರೂಪ. 70ರ ರೋಗಿಯ ರಿಪೋರ್ಟಿನಲ್ಲಿ ನೆಗೆಟಿವ್ ಬರುವುದು ಹೊಸ ಆಘಾತವಲ್ಲ, ನಿರೀಕ್ಷೆಯೇ ಅದು.

ಕಿ-67 ಕೋಶ ಒಡೆಯಲು ಸಿದ್ಧವಾದಾಗ ಕಾಣಿಸಿಕೊಳ್ಳುವ ಪ್ರೋಟೀನ್. ಜರ್ಮನಿಯ ಕೀಲ್ ಊರಿನ ಲ್ಯಾಬಿನಲ್ಲಿ 1980ರ ದಶಕದ ಶುರುವಿನಲ್ಲಿ ಸಿಕ್ಕಿತು. ಕೀಲ್‌ನ ಕಿ, ತಟ್ಟೆಯ 67ನೇ ಗುಳಿಯಲ್ಲಿ ಸಿಕ್ಕಿದ್ದಕ್ಕೆ 67. ಶೇಕಡಾ 30 ಅಂದರೆ ನೂರು ಗಡ್ಡೆ ಕೋಶಗಳಲ್ಲಿ ಮೂವತ್ತು ಕಂದಾಗಿವೆ, ಒಡೆಯುವ ತಯಾರಿಯಲ್ಲಿವೆ. ಮನೆಯವರು ಈ ಸಂಖ್ಯೆ ನೋಡಿ ಹೌಹಾರುತ್ತಾರೆ. ಆದರೆ ಗ್ಲಿಯೋಬ್ಲಾಸ್ಟೋಮಾ ಅಂತ ಒಮ್ಮೆ ಖಚಿತವಾದ ಮೇಲೆ ಇದು 20 ಇದ್ದವರಿಗೂ 40 ಇದ್ದವರಿಗೂ ಆಯುಷ್ಯದಲ್ಲಿ ಎಷ್ಟು ವ್ಯತ್ಯಾಸ ಅನ್ನುವ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಗಡ್ಡೆಯ ಒಂದು ಮೂಲೆಯಲ್ಲಿ ಎಣಿಸಿದ್ದು ಇನ್ನೊಂದು ಮೂಲೆಗೆ ಹೊಂದುವುದೂ ಇಲ್ಲ.

ಬಾಕಿ ಉಳಿದ ಆ ಒಂದು ಹೆಸರು: ಎಂಜಿಎಂಟಿ

ನಿಜವಾಗಿ ಕಾಯಬೇಕಾದ ರಿಪೋರ್ಟು ಇದು. ಇದನ್ನು ಅರ್ಥ ಮಾಡಿಕೊಳ್ಳಲು ಟೆಮೊಜೊಲೊಮೈಡ್ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಆ ಮಾತ್ರೆ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಮುಳ್ಳು ಚುಚ್ಚುತ್ತದೆ. ಮುಳ್ಳು ಹಾಗೇ ಉಳಿದರೆ ಕೋಶ ಒಡೆಯುವಾಗ ತಪ್ಪು ಪ್ರತಿ ತಯಾರಾಗುತ್ತದೆ. ಕೋಶ ಅದನ್ನು ಸರಿಮಾಡಲು ಹೋಗುತ್ತದೆ, ಮತ್ತೆ ತಪ್ಪುತ್ತದೆ, ಕೊನೆಗೆ ಸೋತು ಸಾಯುತ್ತದೆ. ಮಾತ್ರೆಯ ಗುರಿಯೇ ಅದು.

ಎಂಜಿಎಂಟಿ ಪ್ರೋಟೀನಿನ ಕೆಲಸ ಆ ಮುಳ್ಳು ಕೀಳುವುದು. ಕಿತ್ತು ತನ್ನ ಮೈಗೇ ಚುಚ್ಚಿಕೊಳ್ಳುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಜೇನುಹುಳ ಒಮ್ಮೆ ಕುಟುಕಿ ಸತ್ತ ಹಾಗೆ, ಒಂದು ಎಂಜಿಎಂಟಿ ಒಂದೇ ಮುಳ್ಳು ಕೀಳಬಲ್ಲದು. ಹಾಗಾಗಿ ಕೋಶದಲ್ಲಿ ಈ ಪ್ರೋಟೀನ್ ಎಷ್ಟು ರಾಶಿ ಇದೆ ಅನ್ನುವುದು ಮುಖ್ಯ. ಜಾಸ್ತಿ ಇದ್ದರೆ ಮಾತ್ರೆ ಚುಚ್ಚಿದ್ದನ್ನೆಲ್ಲ ಕಿತ್ತು ಹಾಕುತ್ತದೆ. ಆರೋಗ್ಯವಂತ ಕೋಶಕ್ಕೆ ಇದು ಕಾವಲುಗಾರ. ಕ್ಯಾನ್ಸರ್ ಕೋಶದಲ್ಲಿ ಇದೇ ಕಾವಲುಗಾರ ಕಳ್ಳನ ಪರ ನಿಂತುಬಿಡುತ್ತದೆ.

ಕೆಲವರ ಗಡ್ಡೆಯಲ್ಲಿ ಎಂಜಿಎಂಟಿಯ ಜೀನಿಗೆ ಬೀಗ ಬಿದ್ದಿರುತ್ತದೆ. ಬೀಜ ಇದೆ, ಕಣಜದ ಬಾಗಿಲು ಮುಚ್ಚಿದೆ, ಪೈರು ಬರುವುದಿಲ್ಲ. ಈ ಬೀಗವೂ ಮೀಥೈಲ್‌ನಿಂದಲೇ ಆದದ್ದು. ಮುಳ್ಳೂ ಅದೇ, ಬೀಗವೂ ಅದೇ ಅನ್ನುವುದು ಓದುವವರಿಗೆ ಗೊಂದಲ, ಏನು ಮಾಡುವುದು, ರಸಾಯನಶಾಸ್ತ್ರ ಹಾಗಿದೆ. ರಿಪೋರ್ಟಿನಲ್ಲಿ "ಮೀಥೈಲೇಟೆಡ್" ಅಂತ ಬಂದರೆ ಬೀಗ ಬಿದ್ದಿದೆ, ರಿಪೇರಿ ಆಳು ಇಲ್ಲ, ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು ಅಂತ ಅರ್ಥ. ಇದು ಒಳ್ಳೆ ಸುದ್ದಿ.

ಹಾಗಿದ್ದರೆ ಉಳಿದವುಗಳ ಹಾಗೆ ಇದಕ್ಕೂ ಕಂದು ಬಣ್ಣ ಹಾಕಿ ಪ್ರೋಟೀನನ್ನೇ ನೋಡಬಹುದಲ್ಲ? ನೋಡಿದರು. ಸರಿಹೋಗಲಿಲ್ಲ. ಗಡ್ಡೆಯ ಒಳಗಿರುವ ರಕ್ತನಾಳದ ಕೋಶಗಳು, ರೋಗನಿರೋಧಕ ಕೋಶಗಳು ಕೂಡ ಎಂಜಿಎಂಟಿ ತಯಾರಿಸುತ್ತವೆ, ಅವೂ ಕಂದಾಗುತ್ತವೆ. ಒಬ್ಬ ಡಾಕ್ಟರ್ ಪಾಸಿಟಿವ್ ಅಂದ ಸ್ಲೈಡನ್ನು ಇನ್ನೊಬ್ಬರು ಹಾಗನ್ನುವುದಿಲ್ಲ. ಆದ್ದರಿಂದ ಈಗ ಪೈರು ಬಿಟ್ಟು ಕಣಜದ ಬೀಗವನ್ನೇ ಪರೀಕ್ಷಿಸುತ್ತಾರೆ. ಆಯುಷ್ಯದ ಲೆಕ್ಕಕ್ಕೆ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪ್ರೋಟೀನಿನ ವಿಷಯದಲ್ಲಿ ಆ ಪ್ರೋಟೀನನ್ನೇ ಸಾಮಾನ್ಯವಾಗಿ ಅಳೆಯುವುದಿಲ್ಲ!

ವಯಸ್ಸಾದವರ ಮೇಲೆ ನಡೆದ ಪ್ರಯೋಗಗಳು ಏನು ಹೇಳಿದವು?

2005ರಲ್ಲಿ 206 ಗಡ್ಡೆಗಳನ್ನು ಪರೀಕ್ಷಿಸಿದಾಗ ಶೇಕಡಾ 45ರಲ್ಲಿ ಬೀಗ ಸಿಕ್ಕಿತ್ತು. ರೇಡಿಯೇಷನ್ ಮತ್ತು ಮಾತ್ರೆ ಎರಡೂ ಪಡೆದವರಲ್ಲಿ, ಬೀಗ ಇದ್ದವರ ಮಧ್ಯಾಂಕ 21.7 ತಿಂಗಳು, ಇಲ್ಲದವರದು 12.7. ಆದರೆ ಅವರೆಲ್ಲ 70ರ ಒಳಗಿನವರು.

ವಯಸ್ಸಾದವರದೇ ಪ್ರಯೋಗಗಳು ಆಮೇಲೆ ಬಂದವು. 2012ರಲ್ಲಿ ಜರ್ಮನಿ ಕಡೆಯ ತಂಡ 65 ದಾಟಿದ 373 ಜನರಲ್ಲಿ ಮಾತ್ರೆ ಒಂದೇ ಸಾಕೇ, ರೇಡಿಯೇಷನ್ ಒಂದೇ ಸಾಕೇ ಅಂತ ಹೋಲಿಸಿತು. ಒಟ್ಟಾರೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೀಗದ ಪ್ರಕಾರ ಬೇರೆ ಮಾಡಿ ನೋಡಿದಾಗ ಚಿತ್ರ ಬದಲಾಯಿತು. ಬೀಗ ಇದ್ದವರಲ್ಲಿ ಕಾಯಿಲೆ ಮತ್ತೆ ಉಲ್ಬಣಿಸುವವರೆಗಿನ ಸಮಯ ಮಾತ್ರೆ ತಿಂದವರಿಗೆ 8.4 ತಿಂಗಳು, ರೇಡಿಯೇಷನ್ ಪಡೆದವರಿಗೆ 4.6. ಬೀಗ ಇಲ್ಲದವರಲ್ಲಿ ತಿರುಗುಮುರುಗು: ಮಾತ್ರೆಗೆ 3.3, ರೇಡಿಯೇಷನ್‌ಗೆ 4.6.

2017ರಲ್ಲಿ ಇನ್ನೂ ದೊಡ್ಡದು. 65 ಮತ್ತು ಮೇಲ್ಪಟ್ಟ 562 ಜನ, 90ರ ಅಜ್ಜಂದಿರೂ ಇದ್ದರು. ಎಲ್ಲರಿಗೂ ಮೂರು ವಾರದ ಚಿಕ್ಕ ರೇಡಿಯೇಷನ್. ಅರ್ಧ ಜನರಿಗೆ ಜೊತೆಗೆ ಮಾತ್ರೆ. ಮಾತ್ರೆ ಇಲ್ಲದವರ ಮಧ್ಯಾಂಕ 7.6 ತಿಂಗಳು, ಇದ್ದವರದು 9.3. ಬೀಗ ಇದ್ದವರಲ್ಲಿ 7.7 ತಿಂಗಳು 13.5ಕ್ಕೆ ಏರಿತು. ಬೀಗ ಇಲ್ಲದವರಲ್ಲೂ 7.9 ಇದ್ದದ್ದು 10 ಆಯಿತು, ಆದರೆ ಈ ಏರಿಕೆ ಕಾಕತಾಳೀಯವಲ್ಲ ಅಂತ ಅಂಕಿಸಂಖ್ಯೆಯ ಲೆಕ್ಕದಲ್ಲಿ ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ. ಅದಕ್ಕೇ ಬೀಗ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಡಾಕ್ಟರುಗಳೂ ಮಾತ್ರೆ ನಿಲ್ಲಿಸುವುದಿಲ್ಲ.

ಆಯುಷ್ಯ ಹೇಳುವ ಗುರುತು, ದಾರಿ ಹೇಳುವ ಗುರುತು

ಮೇಲಿನ ಅಂಕಿಗಳಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಸುದ್ದಿಗಳಲ್ಲಿ ಇವನ್ನು ಒಂದೇ ಮಾಡಿಬಿಡುತ್ತಾರೆ.

ಒಬ್ಬ ರೈತನ ಹೊಲದ ಮಣ್ಣೇ ಚೆನ್ನಾಗಿದೆ. ರಾಗಿ ಹಾಕಲಿ, ಜೋಳ ಹಾಕಲಿ, ಬೆಳೆ ಸ್ವಲ್ಪ ಹೆಚ್ಚೇ ಬರುತ್ತದೆ. ಇದು ಮುಂದೇನು ಅಂತ ಹೇಳುವ ಗುರುತು. ಯಾವ ಚಿಕಿತ್ಸೆ ಕೊಟ್ಟರೂ ಇಂಥವರ ಸ್ಥಿತಿ ಒಟ್ಟಾರೆ ಮೇಲೋ ಕೆಳಗೋ ಅಂತ ತಿಳಿಸುತ್ತದೆ. ಐಡಿಎಚ್ ಮುಖ್ಯವಾಗಿ ಈ ಜಾತಿ.

ಇನ್ನೊಬ್ಬನ ಹೊಲ ಕಪ್ಪು ಮಣ್ಣು. ಹತ್ತಿ ಚೆನ್ನಾಗಿ ಬರುತ್ತದೆ, ಕಡಲೆಕಾಯಿ ಹಾಕಿದರೆ ಕೈಕೊಡುತ್ತದೆ. ಇಲ್ಲಿ ಮಣ್ಣು ಪರೀಕ್ಷೆ ಯಾವ ಬೀಜ ಬಿತ್ತಬೇಕು ಅಂತ ಹೇಳಿತು. ಇದು ದಾರಿ ಹೇಳುವ ಗುರುತು. ಎಂಜಿಎಂಟಿಯ ಬೆಲೆ ಇರುವುದು ಇಲ್ಲಿ. ಜರ್ಮನಿಯ ಪ್ರಯೋಗದ ಆ ತಿರುಗುಮುರುಗು ನೆನಪಿಸಿಕೊಳ್ಳಿ.

ನನ್ನ ಮಟ್ಟಿಗೆ ವಯಸ್ಸಾದವರ ವಿಷಯದಲ್ಲಿ ಎರಡನೆಯದೇ ಮುಖ್ಯ. ಎಷ್ಟು ತಿಂಗಳು ಅನ್ನುವ ಅಂದಾಜಿನಿಂದ ಮನೆಯವರಿಗೆ ಸಂಕಟ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಯಾವ ಚಿಕಿತ್ಸೆ ಕೊಡಿಸಬೇಕು, ಯಾವುದನ್ನು ಬಿಡಬಹುದು ಅನ್ನುವುದು ಸಿಕ್ಕರೆ ದಿನಗಳೇ ಬದಲಾಗುತ್ತವೆ.

ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಕೊಡೋದು ಅನ್ನುತ್ತಾರೆ. ಪೂರ್ತಿ ಕರೆಂಟ್ ಅಂದರೆ ಆರು ವಾರ, 30 ಸಿಟ್ಟಿಂಗ್. ವಯಸ್ಸಾದವರಿಗೆ ಮೂರು ವಾರದ 15 ಸಿಟ್ಟಿಂಗ್ ಕೊಟ್ಟರೂ ಆಯುಷ್ಯ ಕಡಿಮೆಯಾಗುವುದಿಲ್ಲ ಅಂತ 2004ರಲ್ಲಿ ಒಂದು ಅಧ್ಯಯನ ತೋರಿಸಿತು. ತೀರಾ ಬಳಲಿದವರಿಗೆ ಒಂದೇ ವಾರದ 5 ಸಿಟ್ಟಿಂಗ್ ಕೂಡ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತು ಅಂತ 2015ರಲ್ಲಿ ಸಣ್ಣ ಪ್ರಯೋಗವೊಂದು ಹೇಳಿತು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬಂದು ರೂಮು ಮಾಡಿಕೊಂಡು ಉಳಿಯುವ ಮನೆಗೆ 30ಕ್ಕೂ 5ಕ್ಕೂ ಇರುವ ಅಂತರ ಎಷ್ಟು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನು ನಡೆದಾಡಲೂ ಆಗದ, ಬೀಗ ಬಿದ್ದ ಗಡ್ಡೆಯ ಅಜ್ಜಿಗೆ ಕರೆಂಟೇ ಬೇಡ, ಮನೆಯಲ್ಲೇ ಖಾಲಿ ಹೊಟ್ಟೆಗೆ ಮಾತ್ರೆ, ಆಗಾಗ ರಕ್ತ ಪರೀಕ್ಷೆ ಸಾಕು ಅಂತ ಡಾಕ್ಟರ್ ಹೇಳಬಹುದು. ಬೀಗ ಇಲ್ಲದಿದ್ದರೆ ಚಿಕ್ಕ ಕರೆಂಟ್ ಒಂದೇ ಸಾಕು ಅನ್ನಬಹುದು.

ರಕ್ತ ಪರೀಕ್ಷೆಯಲ್ಲೇ ಗೊತ್ತಾದರೆ?

ತಲೆಬುರುಡೆ ತೂತು ಮಾಡಿ ತುಣುಕು ತೆಗೆಯುವುದು 80ರ ದೇಹಕ್ಕೆ ಸುಲಭವಲ್ಲ. ರಕ್ತದ ಒಂದು ಹನಿಯಲ್ಲೇ ಗುರುತು ಸಿಕ್ಕರೆ ಎಷ್ಟು ಚೆನ್ನ. ಈ ಆಸೆಯಿಂದ ಸಂಶೋಧಕರು ಹಲವು ಪ್ರೋಟೀನ್‌ಗಳ ಹಿಂದೆ ಬಿದ್ದಿದ್ದಾರೆ.

ಮೆದುಳಿಗೂ ರಕ್ತಕ್ಕೂ ನಡುವೆ ಬಿಗಿ ಕಾವಲಿದೆ. ಗ್ಲಿಯೋಬ್ಲಾಸ್ಟೋಮಾ ಆ ಬೇಲಿಯನ್ನು ಅಲ್ಲಲ್ಲಿ ಮುರಿಯುತ್ತದೆ. ಆಗ ಜಿಎಫ್‌ಎಪಿಯಂಥ ಮೆದುಳಿನ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ವೈಕೆಎಲ್-40 ಅನ್ನುವ ಇನ್ನೊಂದನ್ನು ಗಡ್ಡೆಯ ಕೋಶಗಳೂ ಉರಿಯೂತದ ಕೋಶಗಳೂ ತಯಾರಿಸುತ್ತವೆ. ಅದರ ಮಟ್ಟ ಹೆಚ್ಚಿದ್ದವರ ಆಯುಷ್ಯ ಕಡಿಮೆ ಅಂತ ಹಲವು ಅಧ್ಯಯನಗಳು ಕಂಡಿವೆ. ಉರಿಯೂತದ ಸುದ್ದಿ ಒಯ್ಯುವ ಐಎಲ್-6 ಕೂಡ ಅದೇ ಪಟ್ಟಿಯಲ್ಲಿದೆ. ಮಾಮೂಲಿ ರಕ್ತ ಪರೀಕ್ಷೆಯಲ್ಲೇ ಸಿಗುವ ಆಲ್ಬುಮಿನ್ ಕೂಡ ಒಂದು. ಇದು ಲಿವರ್ ತಯಾರಿಸುವ ಪ್ರೋಟೀನ್. ಕಡಿಮೆ ಇದ್ದರೆ ಮೈ ಸೋತಿದೆ, ಊಟ ಮೈಗೆ ಹತ್ತುತ್ತಿಲ್ಲ, ಅಥವಾ ಒಳಗೆ ಉರಿಯೂತ ಇದೆ ಅಂತ ಸುಳಿವು.

ತೊಡಕು ಎಲ್ಲಿ ಅಂದರೆ, ವಯಸ್ಸಾದವರ ರಕ್ತ ಮೊದಲೇ ಗದ್ದಲದ ಸಂತೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಹಳೇ ಲಕ್ವ ಎಲ್ಲವೂ ಅಲ್ಲಿ ಕೂಗುತ್ತಿರುತ್ತವೆ. ಐಎಲ್-6, ವೈಕೆಎಲ್-40 ಎರಡೂ ವಯಸ್ಸಾದಂತೆ ತಾವಾಗಿಯೇ ಏರುತ್ತವೆ. ಲಕ್ವ ಹೊಡೆದರೂ ತಲೆಗೆ ಪೆಟ್ಟು ಬಿದ್ದರೂ ಜಿಎಫ್‌ಎಪಿ ಏರುತ್ತದೆ. ಆ ಸಂತೆಯಲ್ಲಿ ಗಡ್ಡೆಯ ದನಿ ಯಾವುದು ಅಂತ ಬೇರೆ ಮಾಡಿ ಕೇಳುವುದೇ ಕಷ್ಟ. ಆದ್ದರಿಂದ ಈ ರಕ್ತದ ಗುರುತುಗಳು ಇವತ್ತಿಗೂ ಸಂಶೋಧನೆಯ ಕೆಲಸದಲ್ಲೇ ಇವೆ. ಬರೀ ಇವನ್ನು ನೋಡಿ ಯಾರ ಚಿಕಿತ್ಸೆಯನ್ನೂ ನಿರ್ಧರಿಸುವುದಿಲ್ಲ.

ಹೊಸ ಗುರುತು ಸಿಕ್ಕಿತು ಅನ್ನುವ ಸುದ್ದಿ ಬಂದಾಗ

ಇಂಥ ಸುದ್ದಿ ಆಗಾಗ ಬರುತ್ತದೆ. ಹೆಚ್ಚಿನವು ಹೀಗೆ ಹುಟ್ಟುತ್ತವೆ. ಆಸ್ಪತ್ರೆಯ ಕಪಾಟಿನಿಂದ ಹಳೇ ಬ್ಲಾಕುಗಳನ್ನು ತೆಗೆದು ಪ್ರೋಟೀನ್‌ಗಳನ್ನು ಅಳೆಯುತ್ತಾರೆ. ಜಾಸ್ತಿ ಇದ್ದವರು ಒಂದು ಗುಂಪು, ಕಡಿಮೆ ಇದ್ದವರು ಇನ್ನೊಂದು. ಯಾವ ಗುಂಪು ಹೆಚ್ಚು ಕಾಲ ಬದುಕಿತು ಅಂತ ನೋಡುತ್ತಾರೆ.

ಮಾವಿನ ಮರಕ್ಕೆ ನೂರು ಕಲ್ಲು ಬೀರಿದರೆ ಒಂದೆರಡು ಕಾಯಿಗೆ ತಗುಲಿಯೇ ತಗುಲುತ್ತವೆ. ಅದರಿಂದ ಗುರಿಗಾರ ಅನ್ನಲಾಗುವುದಿಲ್ಲ. ನೂರು ಪ್ರೋಟೀನ್ ಪರೀಕ್ಷಿಸಿದರೆ, ವಿಜ್ಞಾನದಲ್ಲಿ ರೂಢಿಯಲ್ಲಿರುವ ಇಪ್ಪತ್ತರಲ್ಲೊಂದು ಅನ್ನುವ ಅಳತೆಯ ಪ್ರಕಾರ, ಯಾವ ಸಂಬಂಧವೂ ಇಲ್ಲದ ಸುಮಾರು ಐದು ಸುಮ್ನೆ ಅದೃಷ್ಟದಿಂದ ಗುರುತಿನ ಹಾಗೆ ಕಾಣುತ್ತವೆ. ಅದಕ್ಕೇ ಬೇರೆ ಊರಿನ, ಬೇರೆ ರೋಗಿಗಳ ಮೇಲೆ ಮತ್ತೆ ಪರೀಕ್ಷೆ ಮಾಡಬೇಕು. ಹೆಚ್ಚಿನವು ಅಲ್ಲಿ ಬಿದ್ದುಹೋಗುತ್ತವೆ.

ವಯಸ್ಸಾದವರಲ್ಲಿ ಇನ್ನೊಂದು ಬಲೆ ಇದೆ. ಗಟ್ಟಿಮುಟ್ಟಾಗಿದ್ದ 70ರವರಿಗೆ ಪೂರ್ತಿ ಆಪರೇಷನ್, ಪೂರ್ತಿ ಚಿಕಿತ್ಸೆ ಸಿಕ್ಕಿರುತ್ತದೆ. ಹಾಸಿಗೆ ಹಿಡಿದವರಿಗೆ ಬಯಾಪ್ಸಿ ಅಷ್ಟೇ. ಹಾಸಿಗೆ ಹಿಡಿದವರಲ್ಲಿ ಯಾವುದೋ ಪ್ರೋಟೀನ್ ಹೆಚ್ಚಿತ್ತು ಅಂದರೆ ಆಯುಷ್ಯ ಕುಗ್ಗಿಸಿದ್ದು ಆ ಪ್ರೋಟೀನೋ, ಮೊದಲೇ ಇದ್ದ ನಿತ್ರಾಣವೋ?

ನಮ್ಮ ಬೆಂಗಳೂರಿನಲ್ಲೂ ಈ ಹುಡುಕಾಟ ನಡೆದಿದೆ. ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಗ್ಲಿಯೋಬ್ಲಾಸ್ಟೋಮಾ ತುಣುಕುಗಳ ಮೇಲೆ ಕೆಲಸ ಮಾಡಿದ್ದಾರೆ. 2010ರಲ್ಲಿ ಡಾ. ವಾಣಿ ಸಂತೋಷ್ ಮತ್ತು ಜೊತೆಗಾರರು ಐಜಿಎಫ್‌ಬಿಪಿ-3 ಅನ್ನುವ ಪ್ರೋಟೀನ್ ಹೆಚ್ಚಿದ್ದ ರೋಗಿಗಳ ಆಯುಷ್ಯ ಕಡಿಮೆ ಇತ್ತು ಅಂತ ಪ್ರಕಟಿಸಿದರು. ದೇಹ ಬೆಳೆಯುವಂತೆ ಮಾಡುವ, ಇನ್ಸುಲಿನ್‌ನ ದಾಯಾದಿಯಂಥ ಒಂದು ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇದು. ಆದರೂ ಮಾಮೂಲಿ ರಿಪೋರ್ಟುಗಳಲ್ಲಿ ನಿಮಗೆ ಈ ಹೆಸರು ಸಿಗುವುದಿಲ್ಲ. ಗುರುತು ಕಾಣುವುದಕ್ಕೂ ಅದು ವಾರ್ಡಿಗೆ ಬರುವುದಕ್ಕೂ ನಡುವೆ ದಾರಿ ಬಹಳ ಉದ್ದ.

ಮಧ್ಯಾಂಕ ಅಂದರೆ ಗಡುವಲ್ಲ

9.3 ತಿಂಗಳು ಅಂತ ಓದಿದ ತಕ್ಷಣ ಎಲ್ಲರೂ ಕ್ಯಾಲೆಂಡರ್ ನೋಡುತ್ತಾರೆ. ಮಧ್ಯಾಂಕ ಅಂದರೆ ನೂರು ರೋಗಿಗಳನ್ನು ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಖ್ಯೆ. ಐವತ್ತು ಜನ ಅದಕ್ಕಿಂತ ಮೊದಲೇ ಹೋದರು, ಐವತ್ತು ಜನ ಅದನ್ನು ದಾಟಿದರು. 2017ರ ಆ ಪ್ರಯೋಗದಲ್ಲಿ ರೇಡಿಯೇಷನ್ ಮತ್ತು ಮಾತ್ರೆ ಪಡೆದವರಲ್ಲಿ ಶೇಕಡಾ 37.8 ಜನ ಒಂದು ವರ್ಷ ದಾಟಿದರು, 10.4 ಜನ ಎರಡು ವರ್ಷ ದಾಟಿದರು. ಮಾತ್ರೆ ಇಲ್ಲದವರಲ್ಲಿ ಎರಡು ವರ್ಷ ದಾಟಿದ್ದು ಶೇಕಡಾ 2.8 ಜನ.

ಅಮೆರಿಕದ ಇಬ್ಬರು ಹೆಸರಾಂತ ಸೆನೆಟರ್‌ಗಳಿಗೆ ಇದೇ ಕಾಯಿಲೆ ಬಂದಿತ್ತು. ಟೆಡ್ ಕೆನಡಿಗೆ 2008ರ ಮೇ ತಿಂಗಳಲ್ಲಿ, 76ನೇ ವಯಸ್ಸಿಗೆ. ಜಾನ್ ಮೆಕೇನ್‌ಗೆ 2017ರ ಜುಲೈಯಲ್ಲಿ, 80ನೇ ವಯಸ್ಸಿಗೆ. ಕೆನಡಿ ಸುಮಾರು 15 ತಿಂಗಳು, ಮೆಕೇನ್ ಸುಮಾರು 13 ತಿಂಗಳು ಬದುಕಿದರು. ಇಬ್ಬರೂ ತೀರಿಕೊಂಡಿದ್ದು ಆಗಸ್ಟ್ 25ರಂದೇ, ಒಂಬತ್ತು ವರ್ಷದ ಅಂತರದಲ್ಲಿ.

ಸಾಲಿನಲ್ಲಿ ನಮ್ಮವರು ಎಲ್ಲಿ ನಿಲ್ಲುತ್ತಾರೆ ಅನ್ನುವುದಕ್ಕೆ ಪ್ರೋಟೀನಿಗಿಂತ ಹಳೆಯದಾದ ಒಂದು ಗುರುತು ಇನ್ನೂ ಬಲವಾಗಿದೆ. ಡಾಕ್ಟರು ಮೊದಲು ಕೇಳುವುದೂ ಅದನ್ನೇ. ಸ್ನಾನ ತಾವೇ ಮಾಡ್ತಾರಾ? ಊಟ ತಾವೇ ತಿಂತಾರಾ? ದಿನದಲ್ಲಿ ಎಷ್ಟು ಹೊತ್ತು ಮಲಗಿರ್ತಾರೆ? ಇದಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಾರೆ. ಕಾರ್ನಾಫ್‌ಸ್ಕಿ ಅಂಕ ಅಂತ ಹೆಸರು, 1940ರ ದಶಕದ್ದು. ಇದರ ಜೊತೆಗೆ ವಯಸ್ಸು, ಗಡ್ಡೆ ಎಷ್ಟು ತೆಗೆಯಲು ಸಾಧ್ಯವಾಯಿತು ಅನ್ನುವುದು, ಆಮೇಲೆ ಎಂಜಿಎಂಟಿ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಗುರುತಿಗೆ ಅರ್ಥ ಬರುತ್ತದೆ.

ಬ್ಲಾಕ್ ಎಲ್ಲಿದೆ?

ಕೊನೆಗೆ ಬಳಕೆಗೆ ಬರುವ ಒಂದು ಮಾತು. ಎಲ್ಲ ಆಸ್ಪತ್ರೆಗಳಲ್ಲೂ ಎಂಜಿಎಂಟಿ ಪರೀಕ್ಷೆ ಇರುವುದಿಲ್ಲ. ಬೇರೆ ಲ್ಯಾಬಿಗೆ ಕಳಿಸಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ರಿಪೋರ್ಟಿನ ಜೆರಾಕ್ಸ್ ಅಲ್ಲ, ಆ ಮೇಣದ ಬ್ಲಾಕ್. ಅದು ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇರುತ್ತದೆ. ಅರ್ಜಿ ಬರೆದುಕೊಟ್ಟು ಕೇಳಿದರೆ ಕೊಡುತ್ತಾರೆ. ಚಿಕಿತ್ಸೆ ಬೇರೆ ಕಡೆ ಶುರುಮಾಡುವ ಯೋಚನೆ ಇದ್ದರೆ ಡಿಸ್‌ಚಾರ್ಜ್ ದಿನವೇ ಕೇಳುವುದು ಒಳ್ಳೇದು. ಬಯಾಪ್ಸಿಯಲ್ಲಿ ಸಿಕ್ಕ ತುಣುಕು ತೀರಾ ಚಿಕ್ಕದಾಗಿದ್ದರೆ ಬೇರೆ ಬಣ್ಣದ ಪರೀಕ್ಷೆಗಳಿಗೇ ಖರ್ಚಾಗಿ ಇದಕ್ಕೆ ಉಳಿಯದೇ ಹೋಗುವುದೂ ಉಂಟು. ಹಾಗಾಗಿ ಎಂಜಿಎಂಟಿ ಮಾಡಿಸ್ತೀರಾ ಅಂತ ಮೊದಲೇ ಕೇಳಬಹುದು.

ಫೋನ್ ಮಾಡಿದ್ದವರು ಬ್ಲಾಕ್ ಇಸ್ಕೊಂಡು, ಹತ್ತಿಯಲ್ಲಿ ಸುತ್ತಿ, ಹಳೇ ಮಾತ್ರೆ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತಾವೇ ಒಯ್ದು ಕೊಟ್ಟರು. ರಿಪೋರ್ಟು ಬಂದ ದಿನ ಮತ್ತೆ ಫೋನ್ ಬಂತು. ಈ ಸಲ ಓದಿ ಹೇಳಲಿಲ್ಲ. "ಮೀಥೈಲೇಟೆಡ್ ಅಂತಿದೆ. ಇದು ಬೀಗ ಬಿದ್ದಿರೋದು ತಾನೇ?" ಅಂದರು.